ಮುದ್ದೆಯೊಳಗಿಟ್ಟ ಮದ್ದು

ಮೊನ್ನೆ ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಚೀಲದಿಂದ ಪುಟ್ಟ ಪ್ಲಾಸ್ಟಿಕ್ ಕೊಳವೆ ತೆಗೆದು, ಅದರೊಳಗೊಂದು ಮಾತ್ರೆ ಇಟ್ಟು, ಬಾಯಿಗೆ ಹಚ್ಚಿಕೊಂಡು ಜೋರಾಗಿ ಉಸಿರೆಳೆದರು. ಗುರ್ರ್ ಎಂದು ಸದ್ದಾಯಿತು. ನನಗೆ ನಗು ತಡೆಯಲಾಗಲಿಲ್ಲ. ಕಾಯಿಲೆಯವರನ್ನು ಕಂಡು ಹಲ್ಲುಕಿರಿಯುವ ಇವಳೆಂಥವಳು ಎಂಬಂತೆ ಅವರು ನೋಡಿದರು. ತಪ್ಪು ತಿಳಿಯಬೇಡಿ ಎಂದು ನಮ್ಮಜ್ಜಿಯ ಕಥೆ ಹೇಳಿದೆ. ಮದ್ದೂರು ಬರುವಷ್ಟರಲ್ಲಿ ಅವರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಕೊತ್ತತ್ತಿಯಲ್ಲಿ ನಮ್ಮದು ನಾಲೆಯ ಪಕ್ಕದ ತುಂಬಿದ ಮನೆ. ಹಿತ್ತಲಲ್ಲೇ ಆಲೆಮನೆ; ಬೆಲ್ಲ ಕಾಯಿಸುವ ದಿನಗಳಲ್ಲಿ ನಮ್ಮ ಲಂಗಕ್ಕೂ ತಲೆಗೂದಲಿಗೂ ಕಬ್ಬಿನ ಹಾಲಿನ ವಾಸನೆ ಅಂಟಿಕೊಂಡಿರುತ್ತಿತ್ತು. ಅಜ್ಜಿ ದೊಡ್ಡತಾಯಮ್ಮ ಊರಿಗೆಲ್ಲ ಸೋಬಾನೆಯ ದೊಡ್ಡತಾಯಮ್ಮ. ಯಾರ ಮನೆಯ ಮದುವೆಯಾದರೂ ಚಪ್ಪರದಡಿ ಅವಳು ಕೂತು ಪದ ಎತ್ತಿಕೊಡಬೇಕು, ಉಳಿದ ಹೆಂಗಸರು ಹಿಂದಿನಿಂದ ಸೊಲ್ಲು ಹೇಳಬೇಕು. ಅವಳಿಲ್ಲದಿದ್ದರೆ ಮದುವೆ ಉಪ್ಪಿಲ್ಲದ ಸಾರು ಎನ್ನುತ್ತಿದ್ದರು. ಆದರೆ ಒಲೆಯ ಮುಂದೆ ಕೂತು ಕೂತು, ಕಬ್ಬಿನ ಸಿಪ್ಪೆಯ ಹೊಗೆ ಕುಡಿದು ಕುಡಿದು ಅವಳಿಗೆ ಗೂರಲು ಹತ್ತಿತು. ನೀರಿನ ಬಿಂದಿಗೆ ಇಳಿಸಿದರೆ ಏದುಸಿರು, ನಾಲ್ಕು ಮಾತಾಡಿದರೆ ಏದುಸಿರು. ಕಷಾಯ, ನಾಟಿ ಔಷಧಿ, ಎದೆಗೆ ಬಿಸಿ ಎಣ್ಣೆ, ಎಲ್ಲ ಆಯಿತು. ಅದೇ ಹೊತ್ತಿಗೆ ಅವಳ ಕಿರಿಮಗಳು, ನಮ್ಮ ಚಿಕ್ಕತ್ತೆ ಪುಟ್ಟಿಯ ಮದುವೆ ಗೊತ್ತಾಯಿತು. ಒಂದು ಸಂಜೆ ಜಗಲಿಯಲ್ಲಿ ಪದ ಶುರುಮಾಡಿದ ಅಜ್ಜಿ ಅರ್ಧ ಸಾಲಿಗೇ ನಿಂತಳು. "ಊರೋರ್ ಮಕ್ಳಿಗೆಲ್ಲಾ ಆಡ್ದೆ ಕಣವ್ವ, ನನ್ ಮಗ್ಳಿಗೆ ಆಡಾಕೆ ಉಸ್ರೇ ಇಲ್ವಲ್ಲ" ಅಂದಳು. ಯಾವುದಕ್ಕೂ ಜಗ್ಗದ ಅಜ್ಜಿ ಹೀಗಂದಾಗ ನನಗೆ ಭಯವಾಯಿತು.

ತಾತ ಅವಳನ್ನು ಮಂಡ್ಯದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಮಾತ್ರೆಗಳೂ ಜೊತೆಗೊಂದು ಕೊಳವೆಯೂ ಬಂದವು. ಅಜ್ಜಿ ದಿನಾ ತಪ್ಪದೆ ಮದ್ದು ತಗೊಂಡಳು, ಆದರೆ ಗೂರಲು ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ತಾತ ಕೆಂಡವಾಗಿ ಮತ್ತೆ ಮಂಡ್ಯಕ್ಕೆ ಹೊರಟ, ನಾನೂ ಹಟ ಹಿಡಿದು ಹಿಂದೆ ಬಿದ್ದೆ. ಹೇಗೆ ತಗೋತೀರಿ, ತೋರಿಸಿ ಎಂದರು ಡಾಕ್ಟರಮ್ಮ. ಮಾತ್ರೆಯನ್ನು ಮುದ್ದೆಯ ತುತ್ತಿನೊಳಗಿಟ್ಟು, ಸಾರಲ್ಲಿ ಅದ್ದಿ, ಅಗಿಯದೆ ನುಂಗುತ್ತೇನೆ ಎಂದು ಅಜ್ಜಿ ಹೆಮ್ಮೆಯಿಂದಲೇ ಹೇಳಿದಳು. ನಮ್ಮ ಕಡೆ ಮುದ್ದೆ ಅಗಿಯುವವರನ್ನು ಕಂಡರೆ ನಗುತ್ತಾರೆ. ಅವಳ ಮಟ್ಟಿಗೆ ಒಳಗೆ ಹೋಗಬೇಕಾದ್ದಕ್ಕೆಲ್ಲ ಅದೇ ರಾಜಮಾರ್ಗ. ಮತ್ತೆ ಕೊಳವೆ? ಅಜ್ಜಿ ಎಲೆಅಡಿಕೆ ಚೀಲದಿಂದ ಅದನ್ನು ತೆಗೆದಳು. ಅದರ ತುಂಬ ಸುಣ್ಣವಿತ್ತು. ಮುಚ್ಚಳ ಗಟ್ಟಿಯಾಗಿದೆ, ಸುಣ್ಣ ಒಣಗುವುದಿಲ್ಲ ಎಂದು ಹೊಗಳಿದಳು. ಡಾಕ್ಟರಮ್ಮ ನಗು ನುಂಗಿಕೊಂಡು ಹೇಳಿದರು, "ಮುದ್ದೆ ಓಗೋ ದಾರಿ ಬೇರೆ, ಉಸ್ರು ಓಗೋ ದಾರಿ ಬೇರೆ ಕಣಮ್ಮ." ಅಜ್ಜಿಯೇನು ಸೋಲುವವಳೇ? "ಅದ್ನ ಮೊದ್ಲೇ ಯೋಳ್ಬಾರ್ದಾ?" ಅಂದಳು. ಹೊಸ ಕೊಳವೆ ಕೊಟ್ಟು, ಮಾತ್ರೆಯ ಪುಡಿಯನ್ನು ಎಳೆದುಕೊಳ್ಳುವುದನ್ನು ಕಲಿಸಿ, ಒಲೆಯ ಹತ್ತಿರ ಸುಳಿಯಬೇಡಿ ಎಂದು ಕಳಿಸಿದರು.

ಅಂದಿನಿಂದ ಬೆಳಗಾದರೆ ನಮ್ಮನೆಯಲ್ಲಿ ಗುರ್ರ್. ಗಾಣ ತಿರುಗ್ತಾ ಅದೆ, ಬೆಲ್ಲ ಯಾವಾಗ ಇಳಿಸ್ತೀಯೆ ಎಂದು ತಾತ ರೇಗಿಸುತ್ತಿದ್ದ. ಆಲೆಮನೆಯ ಒಲೆ ಚಿಕ್ಕಪ್ಪನ ಪಾಲಾಯಿತು; ಅಜ್ಜಿ ದೂರದ ಕಲ್ಲಿನ ಮೇಲೆ ಕೂತು ಪಾಕ ತೆಳ್ಳಗಾಯಿತು, ಗಟ್ಟಿಯಾಯಿತು ಎಂದು ಅಲ್ಲಿಂದಲೇ ಬೈಯುತ್ತಿದ್ದಳು. ಬೈಗುಳ ದಿನದಿನಕ್ಕೆ ಉದ್ದವಾದಂತೆ ಉಸಿರು ಬಂತೆಂದು ನಮಗೆಲ್ಲ ಗೊತ್ತಾಯಿತು. ಚಪ್ಪರದ ದಿನ ಅವಳು ಪದ ಎತ್ತಿದಾಗ ನಾಲೆಯಾಚೆ ಬಟ್ಟೆ ಒಗೆಯುತ್ತಿದ್ದವರೂ ಬಂದು ಕೂತರು. ನಾನು ಅವಳ ತೊಡೆಗೊರಗಿ ಸೊಲ್ಲು ಹೇಳಿದೆ. ಅಷ್ಟು ಸಂತೋಷ ನನ್ನ ಬಾಳಿನಲ್ಲಿ ಕೆಲವೇ ಸಲ ಬಂದಿದೆ. ಮದುವೆ ಮುಗಿದು ಹೆಣ್ಣು ಒಪ್ಪಿಸುವ ಪದದ ನಡುವೆ ಮಾತ್ರ ಅವಳ ದನಿ ಕಟ್ಟಿತು. ತಾತ ಗಾಬರಿಯಾಗಿ ಕೊಳವೆ ಹಿಡಿದು ಓಡಿಬಂದ. "ಇದು ದಮ್ಮಲ್ಲ, ಸುಮ್ಕೆ ಕೂತ್ಕಳಿ" ಎಂದು ಅಜ್ಜಿ ಕಣ್ಣೊರೆಸಿಕೊಂಡು ಪದ ಮುಗಿಸಿದಳು.

ಬಹಳ ವರ್ಷ ಬದುಕಿದಳು. ತಾತ ಹೋದ, ಅಜ್ಜಿ ಹೋದಳು, ಆಲೆಮನೆ ಇದ್ದ ಜಾಗದಲ್ಲಿ ಈಗ ಚಿಕ್ಕಪ್ಪನ ಮಕ್ಕಳ ಮನೆಗಳಿವೆ. ಅಂಥವಳೊಬ್ಬಳು ನಿಮ್ಮ ಮನೆಯಲ್ಲೂ ಇದ್ದಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ. ಹೋದ ವರ್ಷ ಹಲಗೂರಿನಲ್ಲಿ ಚಿಕ್ಕತ್ತೆಯ ಮಗಳ ಮದುವೆಯಾಯಿತು. ಚಪ್ಪರದಡಿ ಜಮಖಾನ ಹಾಸಿ, ಎಲೆಅಡಿಕೆ ಇಟ್ಟು, ನಾವು ಹೆಂಗಸರೆಲ್ಲ ಸೇರಿ ಕೂತೆವು. ಎಲ್ಲರ ಉಸಿರೂ ಚೆನ್ನಾಗಿತ್ತು, ಸೊಲ್ಲು ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾದೆವು. ಎತ್ತಿಕೊಡುವವರಿರಲಿಲ್ಲ.