ಸಹಿ ಹಾಕದ ಪ್ರಿಯಂವದಾ

ಡೊಂಬಿವಲಿ ಸ್ಟೇಷನ್ನಿನ ಕಡೆ ಚಪ್ಪಲಿಗಳ ಓಟ ಶುರುವಾಗುವ ಹೊತ್ತಿಗೆ, ಉಡುಪಿ ಹೋಟೆಲೊಂದರ ಮಹಡಿಯ ಫ್ಯಾಮಿಲಿ ರೂಮಿನಲ್ಲಿ ಲ್ಯಾಪ್‌ಟಾಪುಗಳು ಬೆಳಗುತ್ತವೆ. ಕೆಳಗೆ ಗ್ರೈಂಡರ್ ತಿರುಗುತ್ತಿದೆ. ಮೇಲೆ ಪ್ರಿಯಂವದಾ ಹೆಬ್ಬಾರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ನಡೆಯುತ್ತಿದ್ದಾರೆ. ಕಲಿಯುವವರ ಕೀಬೋರ್ಡ್ ಮುಟ್ಟುವುದಿಲ್ಲವೆಂಬುದು ಅವರ ವ್ರತ. ತಪ್ಪಿದವರೇ ತಿದ್ದಿಕೊಳ್ಳಬೇಕು.

ಹೋಟೆಲು ಅವರ ತಮ್ಮ ಪುಂಡರೀಕಾಕ್ಷನದು. ಅಕ್ಕ ಇಂಜಿನಿಯರಿಂಗ್ ಓದಿ, ವಾಶಿಯಲ್ಲಿ ಕೆಲಸ ಮಾಡಿ, ಆಮೇಲೆ ನೈರೋಬಿಯ ಗೆಳತಿಯೊಬ್ಬಳ ಜೊತೆ ಅಲ್ಲಿನ ಊಟದಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ ಕಟ್ಟಿದವರು. ಮೊದಲ ವರ್ಷವೇ ಮುಗ್ಗರಿಸಿದರು. ಉಂಡು ಕೈ ತೊಳೆದ ಮೇಲೆ ಬಿಲ್ಲು ಕೊಡುವ ಮನೆತನದ ಹೆಣ್ಣು; ಸಾಫ್ಟ್‌ವೇರನ್ನೂ ಹಾಗೇ ಮಾಡಿದ್ದರು. ಅವರ ಗಿರಾಕಿಗಳ ಅಂಗಡಿಯಲ್ಲೋ ಮೊದಲು ದುಡ್ಡು, ಆಮೇಲೆ ತಟ್ಟೆ.

"ಯಾರನ್ನೂ ಕೇಳದೆ ನಮ್ಮ ಹೋಟೆಲನ್ನೇ ಆಫ್ರಿಕಾಕ್ಕೆ ಹೊತ್ಕೊಂಡು ಹೋಗಿದ್ದೆ," ಎಂದು ನಗುತ್ತಾರೆ.

ಕಂಪನಿ ಚೇತರಿಸಿಕೊಂಡಿತು. ಅದನ್ನು ಗೆಳತಿಗೆ ಒಪ್ಪಿಸಿ ಮರಳಿ ಬಂದವರು ಈ ಟ್ರಸ್ಟ್ ಶುರು ಮಾಡಿದರು. ಡೊಂಬಿವಲಿ, ಕಲ್ಯಾಣದ ಮನೆಗೆಲಸದ ಹೆಂಗಸರಿಗೆ ಕಂಪ್ಯೂಟರ್ ಕಲಿಸಿ, ಅವರದೇ ಸಣ್ಣ ಕಂಪನಿ ಕಟ್ಟಿಸುವುದು ಇದರ ಕೆಲಸ.

ಅಂಥ ಮೊದಲ ಕಂಪನಿ ಭೀಮಮ್ಮನದು. ಇದೇ ಹೋಟೆಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಆಕೆಯ ಜೊತೆ ಈಗ ಮೂವರಿದ್ದಾರೆ. ನೈರೋಬಿಯ ಕಮಾವು ಎಂಬವರ ಊಟದಂಗಡಿಗಳ ಬಿಲ್ಲಿಂಗ್ ನೋಡಿಕೊಳ್ಳುವ ಕೆಲಸ ಇನ್ನೇನು ಕೈಗೆ ಬರಬೇಕು. ಆದರೆ ಕರಾರಿಗೆ ಪ್ರಿಯಂವದಾ ಅವರೇ ಸಹಿ ಹಾಕಬೇಕೆಂದು ಕಮಾವು ಪಟ್ಟು ಹಿಡಿದಿದ್ದಾರೆ. ಕಂಪನಿ ಭೀಮಮ್ಮನದು, ಸಹಿಯೂ ಅವಳದೇ ಆಗಬೇಕೆಂದು ಇವರು ಒಲ್ಲೆ ಎಂದಿದ್ದಾರೆ. ಕೆಲಸ ತಪ್ಪಿದರೆ ನಾಲ್ವರೂ ಮತ್ತೆ ಕಂಡವರ ಮನೆಯ ಪಾತ್ರೆಗೇ.

ಹತ್ತೂವರೆಗೆ, ನೈರೋಬಿಯಲ್ಲಿ ಎಂಟಾದಾಗ, ವಿಡಿಯೊ ಕಾಲ್. ಪ್ರಿಯಂವದಾ ಬಾಗಿಲ ಕಡೆ ಹೊರಡುತ್ತಾರೆ.

"ಅಕ್ಕಾರ, ನೀವ ಎದ್ದು ಹೋದ್ರ ಹೆಂಗ? ಅವರು ಇಂಗ್ಲಿಷ್ ನುಂಗಿ ನುಂಗಿ ಮಾತಾಡ್ತಾರ," ಎನ್ನುತ್ತಾಳೆ ಭೀಮಮ್ಮ.

"ಕಲ್ಯಾಣದ ರಿಕ್ಷಾದವನ ಹತ್ರ ಬಾಯಿ ಮಾಡ್ತಿಯಲ್ಲ, ಅದರ ಅರ್ಧ ಸಾಕು ಮಾರಾಯ್ತಿ. ನಾನು ಕೂತ್ರೆ ಅವರು ನನ್ನನ್ನೇ ನೋಡ್ತಾರೆ."

ಕೆಳಗೆ ಗಲ್ಲೆಯ ಪಕ್ಕ ನಿಂತ ಅಕ್ಕನನ್ನು ತಮ್ಮ ಕೆಣಕುತ್ತಾನೆ. "ಏನಕ್ಕ, ನಿನ್ನ ಕ್ಲಾಸಿಂದ ನಿನ್ನನ್ನೇ ಹೊರಗೆ ಹಾಕಿದ್ರಾ?"

ಅಕ್ಕ ನಗುವುದಿಲ್ಲ. ಒಂದು ಸಹಿಯಿಂದ ಮುಗಿಯುತ್ತಿದ್ದ ಮಾತು. ಹಠ ತನ್ನದು, ಪಣಕ್ಕಿಟ್ಟದ್ದು ಇನ್ನೊಬ್ಬರ ಅನ್ನ. ಈ ಯೋಚನೆಯಲ್ಲಿ ಕಾಫಿ ಆರಿ ಕೆನೆಗಟ್ಟುತ್ತದೆ.

ಬಹಳ ಹೊತ್ತಾದ ಮೇಲೆ ಭೀಮಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಇಳಿದು ಬರುತ್ತಾಳೆ.

"ಮಷಿನ್ ಕೆಟ್ರ ಯಾರು ಹೊಣಿ ಅಂದ್ರು. ಮಧ್ಯಾಹ್ನದ ಗದ್ದಲದಾಗ ಕೈಲೆ ಬಿಲ್ ಬರಿಯಾಕ ನಿಮ್ಮ ಹುಡುಗರಿಗೆ ಬರ್ತದೇನ್ರಿ ಅಂತ ನಾನ ತಿರುಗಿ ಕೇಳ್ದೆ. ಬರಂಗಿಲ್ಲ ಅಂದ್ರು. ಮೊದಲ ಅದನ್ನ ಕಲಿಸ್ತೀನಿ, ಆಮೇಲೆ ಮಷಿನ್ ಅಂದೆ. ಮೂರು ತಿಂಗಳು ನೋಡೋಣ ಅಂದಾರ. ಸಹಿ ನಂದ."

ಪ್ರಿಯಂವದಾ ತಮ್ಮನ ಕಡೆ ತಿರುಗುತ್ತಾರೆ. "ಕೇಳಿದೆಯಾ? ಇದು ನಾನು ಹೇಳಿಕೊಟ್ಟದ್ದಲ್ಲ."

ಮುಂದೇನು ಆಸೆ ಎಂದು ಕೇಳಿದರೆ ಅವರು ಆರಿದ ಕಾಫಿ ಎತ್ತಿಕೊಳ್ಳುತ್ತಾರೆ. "ನನಗೆ ಹೊಳೆಯದ್ದು ಇವರಿಗೆ ಇನ್ನಷ್ಟು ಹೊಳೀಲಿ. ಕೇಳ್ಲಿಕ್ಕೆ ನಾನಿರ್ತೇನೆ."