ಪರದೆಯ ಮೇಲೆ ಓಡಿಹೋದ ಸಿಪಾಯಿ

ಮಸ್ಕಿಯ ಚಿತ್ರಮಂದಿರವೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಗಡಿಯ ಬೆಟ್ಟದಲ್ಲಿ ನಿಜವಾಗಿ ನಡೆದ ಕಾಳಗವೊಂದನ್ನು ಆಧರಿಸಿದ ಸಿನಿಮಾ ಬಂತು. ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಸಿಪಾಯಿ ಬಸಲಿಂಗಪ್ಪ ಮಡಿದದ್ದು ಅದೇ ಕಾಳಗದಲ್ಲಿ. ಮುಖಂಡರೊಬ್ಬರು ಶಾಲಾ ಮಕ್ಕಳಿಗಾಗಿ ಉಚಿತ ಪ್ರದರ್ಶನ ಏರ್ಪಡಿಸಿದರು. ಬಸಲಿಂಗಪ್ಪನ ಹೆಂಡತಿ ಶಾಂತಮ್ಮನವರನ್ನೂ, ಅದೇ ತುಕಡಿಯಲ್ಲಿದ್ದ ಗೊರೇಬಾಳದ ನಿವೃತ್ತ ಹವಾಲ್ದಾರ್ ಅಮರೇಗೌಡರನ್ನೂ ಸನ್ಮಾನಕ್ಕೆ ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಫೋನ್ ಮಾಡಿ ಕರೆದೆ.

ಬೆಳಿಗ್ಗೆಯಿಂದಲೇ ತಲೆ ಕೆಟ್ಟಿತು. ಫ್ಲೆಕ್ಸ್‌ನಲ್ಲಿ ಮುಖಂಡರ ಮುಖ ಟ್ರ್ಯಾಕ್ಟರ್ ಗಾಲಿಯಷ್ಟಿತ್ತು. ಸಿಪಾಯಿಯ ಫೋಟೊ ಅಂಗೈಯಷ್ಟು, ಕೆಳಗೆ ‘ಬಸವರಾಜಪ್ಪ’ ಎಂಬ ತಪ್ಪು ಹೆಸರು. ಹತ್ತು ಗಂಟೆಗೆ ಬರಬೇಕಾದ ಮುಖಂಡರು ಹನ್ನೊಂದೂಕಾಲಿಗೆ ಬಂದು ಅರ್ಧ ಗಂಟೆ ಭಾಷಣ ಮಾಡಿದರು. ನನಗೋ ಕೆಡಿಎಂ ಚಿಂತೆ. ಅದು ಸಿನಿಮಾ ತೆರೆಯುವ ಡಿಜಿಟಲ್ ಕೀಲಿ. ವಿತರಕರು ಕೊಟ್ಟ ಅವಧಿ ಒಂದು ಗಂಟೆಗೆ ಮುಗಿಯುತ್ತಿತ್ತು. ಶುರುವಾದ ಸಿನಿಮಾ ಪೂರ್ತಿ ಓಡುತ್ತದೆ, ಆದರೆ ಒಂದರ ನಂತರ ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ.

ಒಂದೂಕಾಲರ ಹೊತ್ತಿಗೆ ಆ ದೃಶ್ಯ ಬಂತು. ಗುಂಡಿನ ಮಳೆ ನಡುವೆ ‘ರಾಯಚೂರಿನವ’ ಎಂದು ಕರೆಸಿಕೊಳ್ಳುವ ಸಿಪಾಯಿ ಬಂಕರ್ ಬಿಟ್ಟು ಓಡುತ್ತಾನೆ. ನಾಯಕ ಒಬ್ಬನೇ ನಿಂತು ಹೋರಾಡುತ್ತಾನೆ. ಮಕ್ಕಳು ಓಡುವವನನ್ನು ನೋಡಿ ಹೋ ಎಂದು ಕೂಗಿದರು. ಮುಂದಿನ ಸಾಲಿನಲ್ಲಿದ್ದ ಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಮರೇಗೌಡರು ಎದ್ದು ನನ್ನ ಬಳಿ ಬಂದರು. “ಬಂದ್ ಮಾಡ್ರಿ ಇದನ್ನ.”

ಮುಖಂಡರು ಗದರಿದರು: “ಏ ಮ್ಯಾನೇಜರ್, ಕ್ಲೈಮ್ಯಾಕ್ಸ್ ಐತಿ, ಮುಟ್ಟಬ್ಯಾಡ.”

ಕೀಲಿ ನೆನಪಾಯಿತು. ಶಾಂತಮ್ಮನವರತ್ತ ನೋಡಿದೆ. ಆಪರೇಟರ್‌ಗೆ ಫೋನ್ ಮಾಡಿ ನಿಲ್ಲಿಸಲು ಹೇಳಿದೆ. ದೀಪ ಹತ್ತಿದವು. ಗೌಡರು ಮೈಕ್ ಹಿಡಿದರು.

“ಅವ ಓಡಿ ಹೋಗಿಲ್ರಿ. ನಮ್ಮ ಗುಂಡು ಮುಗದಿದ್ದುವು. ತರಾಕ ನಾನ ಕಳಿಸಿದ್ದೆ. ಒಮ್ಮೆ ತಂದು ಕೊಟ್ಟ. ಎರಡನೇ ಸಲ ಹೋದಾಗ ಬಿದ್ದ. ಅವ ತಂದ ಗುಂಡಿನಿಂದ ನಾನು ಉಳದೀನಿ.”

ಮಕ್ಕಳಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಳು. ನೋಡನೋಡುತ್ತ ಎಲ್ಲರೂ ನಿಂತರು.

ಸಿನಿಮಾ ಮತ್ತೆ ಶುರುವಾಗಲಿಲ್ಲ. ಮುಖಂಡರು ಶಾಲು ಹೊದಿಸದೆಯೇ ಹೋದರು. ವಿತರಕರು ಬರಹದಲ್ಲಿ ವಿವರಣೆ ಕೇಳಿದರು. ಮಾಲೀಕರು ತಿಂಗಳುಗಟ್ಟಲೆ ಕಾಡಿದರು. ಅವರೆಲ್ಲರ ಮೇಲೆ ನನಗೆ ಸಿಟ್ಟಿತ್ತು. ಆದರೆ ಹೊರಡುವಾಗ ಶಾಂತಮ್ಮ ನನ್ನನ್ನೇ ಕೇಳಿದರು.

“ನನ್ನ ಕರಿಯೋಕಿಂತ ಮುಂಚೆ ನೀವೊಮ್ಮೆ ಇದನ್ನ ನೋಡಿದ್ರೇನ್ರಿ?”

ನೋಡಿರಲಿಲ್ಲ. ಹಿಂದಿನ ದಿನ ಖಾಲಿ ಹಾಲ್‌ನಲ್ಲಿ ಪರೀಕ್ಷೆಗೆಂದು ಹತ್ತು ನಿಮಿಷ ಓಡಿಸಿ, ಧ್ವನಿ ಸರಿಯಿದೆ ಎಂದು ಎದ್ದು ಹೋಗಿದ್ದೆ. ಹತ್ತೊಂಬತ್ತು ವರ್ಷ ಜನರನ್ನು ಸಿನಿಮಾಕ್ಕೆ ಕರೆದವನು ನಾನು. ಒಬ್ಬರ ಬದುಕನ್ನೇ ಅವರಿಗೆ ತೋರಿಸಲು ಹೊರಟಾಗ, ಮೊದಲು ನಾನು ಕೂತು ಕೊನೆಯವರೆಗೆ ನೋಡಬೇಕು ಎಂಬುದನ್ನು ಆ ದಿನ ಕಲಿತೆ.