ರಾಣಿಯನ್ನು ಮುಳುಗಿಸಿದ ಮಾಸ್ತರು

ಕುಮಟೆಯ ಗುರುದತ್ತ ಮಾಸ್ತರು ಮಂತ್ರವಾದಿಗಳು, ಹಾರುವ ಹಾವುಗಳು, ಏಳು ದ್ವೀಪಗಳ ಯುದ್ಧ ತುಂಬಿದ ನಾಲ್ಕು ದಪ್ಪ ಸಂಪುಟ ಬರೆದು, ಐದನೆಯದಾದ ಕೊನೆಯದಕ್ಕೆ ಜಿಲ್ಲೆಯನ್ನೇ ಕಾಯಿಸುತ್ತಿರುವ ಮನುಷ್ಯ. ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ಹೆಣದ ಹಿಂದೆ ನಡೆಯುವಾಗಲೂ "ಮಾಸ್ತರೆ, ಕೊನೇದು ಎಂತಾತು?" ಎಂದು ಯಾರಾದರೂ ಕೇಳುತ್ತಾರೆ. "ಆತು, ಇನ್ನೊಂದೇ ಅಧ್ಯಾಯ" ಎನ್ನುತ್ತಾರೆ. ಒಮ್ಮೆ ಕಣ್ಣುನೋವು, ಒಮ್ಮೆ ಕರೆಂಟು, ಒಮ್ಮೆ ಕಾಗದದ ರೇಟು ಅಡ್ಡ ಬರುತ್ತದೆ. ಎಲ್ಲ ಸುಳ್ಳು. ಸಂಪುಟ ಮುಗಿದು ಎಷ್ಟೋ ಕಾಲವಾಯಿತು. ಅದರಲ್ಲಿ ಕಥಾನಾಯಕಿ ರಾಣಿ ಮುಕ್ತಾವತಿ ಸಮುದ್ರದಲ್ಲಿ ಮುಳುಗಿ ಸಾಯುತ್ತಾಳೆ. ಅದನ್ನು ಬರೆದ ಮರುವಾರವೇ ಹೊನ್ನಾವರದ ಮೀನುಗಾರ ಮಾಬ್ಲ, ಪುಸ್ತಕದ ಹುಚ್ಚಿಗೆ, ತನ್ನ ಹೊಸ ಬೋಟಿಗೆ ಆ ರಾಣಿಯ ಹೆಸರಿಟ್ಟು ಇವರನ್ನು ಪೂಜೆಗೆ ಕರೆದ. ಶಾಲು, ಹಾರ ಕಂಡದ್ದೇ ಮಾಸ್ತರು ಬಾಯಿ ಮುಚ್ಚಿಕೊಂಡು, ಬೋಟಿನ ಮೂತಿಗೆ ತಾವೇ ಕಾಯಿ ಒಡೆದರು. ಈಗ ಬಿರುಗಾಳಿಯ ಸುದ್ದಿ ಬಂದಾಗಲೆಲ್ಲ ಮಾಬ್ಲನ ಹೆಂಡತಿ ನಾಗಿಯ ಫೋನು: "ಇವ್ರು ಬೋಟಲ್ಲೇ ಇದ್ದಾರೆ. ನಿಮ್ಮ ರಾಣಿ ಕಡೀಗೆ ದಡ ಸೇರ್ತಾಳೆ ಅಲ್ದಾ, ಮಾಸ್ತರೆ?" "ಸೇರ್ತಾಳೆ ಮಾರಾಯ್ತಿ, ಸೇರದೆ ಎಂತ!" "ನಿಮ್ಮ ಬಾಯಲ್ಲೇ ಬಂತಲ್ಲ, ಸಾಕು" ಎಂದು ನಾಗಿ ಫೋನಿಟ್ಟ ಮೇಲೆ, ಆ ಸಂಪುಟವನ್ನು ಓದಿ ಮುಗಿಸಿರುವ ತಮ್ಮ ಹೆಂಡತಿಯ ಮುಖ ನೋಡಲಾರದೆ ಮಾಸ್ತರು ಹಿತ್ತಲಿಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.